ಸೆನ್ಸೈ, ಶಿಹಾನ್, ಹಾನ್ಶಿ: ಈ ಬಿರುದು ಕೊಟ್ಟವರು ಯಾರು?

ಕರಾಟೆ ತರಗತಿಯ ಬೋರ್ಡು ಕಂಡರೆ ನಿಂತು ಓದುವುದು ನನಗೆ ಅಭ್ಯಾಸವಾಗಿದೆ. ಶಾಲೆಯ ಗೇಟಿಗೋ ಕಲ್ಯಾಣ ಮಂಟಪದ ಗೋಡೆಗೋ ಕಟ್ಟಿದ ಫ್ಲೆಕ್ಸು. ಅದರಲ್ಲಿ ಮಾಸ್ಟರ್ ಅವರ ಭಾವಚಿತ್ರ, ಕೆಳಗೆ ಹೆಸರು, ಹೆಸರಿಗೆ ಮೊದಲು ಒಂದು ಪದ: ಸೆನ್ಸೈ, ರೆನ್ಶಿ, ಶಿಹಾನ್, ಹಾನ್ಶಿ, ಒಮ್ಮೊಮ್ಮೆ ಗ್ರ್ಯಾಂಡ್ ಮಾಸ್ಟರ್. ಹೆಸರಾದ ಮೇಲೆ ಒಂದು ಅಂಕಿ: 5ನೇ ಡಾನ್, 7ನೇ ಡಾನ್. ಮಗುವನ್ನು ಸೇರಿಸಲು ಬಂದ ತಂದೆತಾಯಿಗೆ ಇವುಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ತಿಳಿಯುವ ದಾರಿಯಿಲ್ಲ. ಮಗಳನ್ನು ಅಂಥದೊಂದು ತರಗತಿಗೆ ಸೇರಿಸುವ ಮೊದಲು ನನ್ನ ಅಕ್ಕ ಕೇಳಿದ್ದೂ ಇದನ್ನೇ: "ಇವರು ನಿಜವಾಗಿ ಎಷ್ಟು ಕಲಿತವರು ಕಣೋ?"

ಉತ್ತರ ಹುಡುಕುತ್ತ ಹೋದಂತೆ ಅಕ್ಕನ ಪ್ರಶ್ನೆಯನ್ನೇ ತುಸು ತಿದ್ದಿಕೊಳ್ಳಬೇಕಾಯಿತು. ಜಪಾನಿನ ಸಮರಕಲೆಗಳಲ್ಲಿ ಬಿರುದು, ಶ್ರೇಣಿ ಎಂದರೆ ಒಬ್ಬರ ಪರವಾಗಿ ಇನ್ನೊಬ್ಬರು ಆಡಿದ ಮಾತು. "ಇವನಿಗೆ ಇಷ್ಟು ಕಲಿಸಿದ್ದೇನೆ, ಇವನು ಇಷ್ಟನ್ನು ಕಲಿಸಬಹುದು" ಎಂಬ ಮಾತು. ಮಾತು ಆಡಿದವರು ಯಾರೆಂದು ತಿಳಿಯದೆ ಆ ಮಾತಿನ ತೂಕ ತಿಳಿಯುವುದಿಲ್ಲ.

ಎಲ್ಲರಿಗೂ ಗೊತ್ತಿರುವ ಪದದಿಂದಲೇ ಶುರು ಮಾಡೋಣ. 'ಸೆನ್ಸೈ' ಎಂಬುದನ್ನು ಬರೆಯುವ ಎರಡು ಅಕ್ಷರಗಳ ಅರ್ಥ 'ಮೊದಲು ಹುಟ್ಟಿದವರು'. ಶಾಲೆಯ ಮೇಷ್ಟ್ರು, ವೈದ್ಯರು, ವಕೀಲರು, ಕಾದಂಬರಿಕಾರರು, ಸಂಸತ್ತಿನ ಸದಸ್ಯರು, ಎಲ್ಲರನ್ನೂ ಜಪಾನೀಯರು ಸೆನ್ಸೈ ಎಂದೇ ಕರೆಯುತ್ತಾರೆ. ಇದು ಪರೀಕ್ಷೆ ಕಟ್ಟಿ ಗಳಿಸುವ ಪದವಿಯಲ್ಲ, ಗೌರವದ ಸಂಬೋಧನೆ. ಹೆಸರಾದ ಮೇಲೆ ಬರುತ್ತದೆ: ತನಾಕಾ ಸೆನ್ಸೈ, ನಾವು ರಾಯರು, ಮೇಷ್ಟ್ರು ಎಂದು ಸೇರಿಸುವ ಹಾಗೆ. ಯಾರೂ ತಮ್ಮನ್ನು ತಾವು ಸೆನ್ಸೈ ಎಂದು ಪರಿಚಯಿಸಿಕೊಳ್ಳುವುದಿಲ್ಲ. ನಮ್ಮ ಗರಡಿಮನೆಯಲ್ಲಿ ಹುಡುಗರು ಉಸ್ತಾದ್ ಎನ್ನುತ್ತಾರೆ, ಉಸ್ತಾದರು ಮಾತ್ರ ತಮ್ಮ ಹೆಸರಷ್ಟನ್ನೇ ಹೇಳುತ್ತಾರೆ. ಅದೇ ನಡತೆ ಇದು. ಸುಮೋದಲ್ಲಂತೂ ಸೆನ್ಸೈ ಪದಕ್ಕೆ ಜಾಗವೇ ಇಲ್ಲ. ನಿವೃತ್ತರಾಗಿ ಕಲಿಸುವ ಜಟ್ಟಿಗಳು 'ಓಯಾಕಾತಾ', ಅಂದರೆ ಮನೆಯ ಹಿರಿಯರು.

ಈಗ ಹಳೆಯ ಕಾಲಕ್ಕೆ ಹೋಗಬೇಕು, ಏಕೆಂದರೆ ಡಾನ್ ಎಂಬ ಅಂಕಿ ಸಮರಕಲೆಗಳಿಗೆ ಬಂದು ನೂರೈವತ್ತು ವರ್ಷವೂ ಆಗಿಲ್ಲ. ಅದಕ್ಕೂ ಮುಂಚೆ ಕತ್ತಿ, ಈಟಿ, ಬರಿಗೈ ಮಲ್ಲವಿದ್ಯೆಯಾದ ಜುಜುತ್ಸು ಕಲಿಸುತ್ತಿದ್ದ ನೂರಾರು 'ರ್‍ಯೂ'ಗಳು, ಎಂದರೆ ಪರಂಪರೆಗಳು, ಇದ್ದವು. ಅಲ್ಲಿ ಶಿಷ್ಯನಿಗೆ ಸಿಗುತ್ತಿದ್ದದ್ದು ಕಾಗದ. ಮೊದಲು 'ಕಿರಿಗಾಮಿ', ಅಕ್ಷರಶಃ ಕತ್ತರಿಸಿದ ಕಾಗದದ ತುಂಡು. ಆಮೇಲೆ 'ಮೊಕುರೋಕು', ಕಲಿತ ವರಸೆಗಳ ಪಟ್ಟಿ ಬರೆದ ಸುರುಳಿ. ಅದರ ಮೇಲೆ 'ಮೆಂಕ್ಯೋ', ಅಪ್ಪಣೆ. ಕೊನೆಯದು 'ಮೆಂಕ್ಯೋ ಕಾಯ್ದೆನ್', ಗುರು ತನ್ನಲ್ಲಿದ್ದುದನ್ನು ಪೂರ್ತಿ ಒಪ್ಪಿಸಿದ್ದೇನೆ ಎಂಬ ಬರಹ. ಎಲ್ಲ ಪರಂಪರೆಗಳಲ್ಲೂ ಇದೇ ಕ್ರಮವಿರಲಿಲ್ಲ; ಹಂತಗಳ ಹೆಸರೂ ಎಣಿಕೆಯೂ ಮನೆಯಿಂದ ಮನೆಗೆ ಬೇರೆ. ಇಂದಿನ ಜಪಾನಿನಲ್ಲಿ ಡ್ರೈವಿಂಗ್ ಲೈಸೆನ್ಸಿಗೂ ಮೆಂಕ್ಯೋ ಎಂದೇ ಹೆಸರು ಎಂಬುದನ್ನು ನೆನೆದರೆ ಆ ಪದದ ಸ್ವಭಾವ ತಿಳಿಯುತ್ತದೆ. ಇಂಥದನ್ನು ಮಾಡಲು ನಿನಗೆ ಅನುಮತಿಯಿದೆ ಎಂದಷ್ಟೇ ಅದು ಹೇಳುತ್ತದೆ.

ಆ ಸುರುಳಿಯಲ್ಲಿ ಶಿಷ್ಯನ ಹೆಸರು ಬರುವುದು ಕೊನೆಗೆ. ಅದಕ್ಕೆ ಮುಂಚೆ ಕೊಟ್ಟವರ ಹೆಸರು, ಅವರಿಗೆ ಕೊಟ್ಟವರ ಹೆಸರು, ಮೊಹರು. 19ನೇ ಶತಮಾನದ ರಾಜಕೀಯ ನಾಯಕ ಸಾಕಾಮೋತೋ ರ್‍ಯೋಮಾ ಜಪಾನೀಯರಿಗೆ ಮಹಾ ಖಡ್ಗಧಾರಿಯಾಗಿ ಪರಿಚಿತ. ಆದರೆ ಉಳಿದು ಬಂದಿರುವ ಅವನ ಒಂದು ಮೊಕುರೋಕು ಕತ್ತಿಯದಲ್ಲ. ಹೊಕುಶಿನ್ ಇತ್ತೋ ಪರಂಪರೆಯ ನಾಗಿನಾತಾದ್ದು, ಉದ್ದ ಹಿಡಿಕೆಯ ಬಾಗಿದ ಅಲುಗಿನ ಆಯುಧದ್ದು. ವರ್ಷ 1858. ಅದರಲ್ಲಿ ಗುರು ಚಿಬಾ ಸದಾಕಿಚಿಯ ಹೆಸರಿನ ಜೊತೆಗೆ ಅವನ ಹೆಣ್ಣುಮಕ್ಕಳ ಹೆಸರುಗಳೂ ಇವೆ. ಕೊಡುವವರ ಸಾಲಿನಲ್ಲಿ ಹೆಂಗಸರು ನಿಂತಿರುವ ಆ ಕಾಗದದ ಮಾತು ಮುಂದೆ ಮತ್ತೆ ಬರುತ್ತದೆ.

ಸದಾಕಿಚಿಯ ಅಣ್ಣ ಚಿಬಾ ಶುಸಾಕು ಈ ಹೊಕುಶಿನ್ ಇತ್ತೋ ಪರಂಪರೆಯನ್ನು ಕಟ್ಟಿದವನು. ಅವನು ಕಲಿತು ಬಂದ ಇತ್ತೋ ಪರಂಪರೆಯಲ್ಲಿ ಎಂಟು ಹಂತಗಳಿದ್ದವು. ಅಷ್ಟು ಹಂತಗಳಲ್ಲಿ ಕಲಿಯುವವನ ಕಾಲವೂ ಹಣವೂ ಸವೆಯುತ್ತಿದ್ದವು, ಪ್ರತಿ ಸುರುಳಿಗೂ ಗುರುವಿಗೆ ಕಾಣಿಕೆ ಸಲ್ಲಬೇಕಿತ್ತಲ್ಲ. ಶುಸಾಕು ಎಂಟನ್ನು ಮೂರಕ್ಕೆ ಇಳಿಸಿದ, ಎದೋ ನಗರದ ಅವನ ಶಾಲೆ ತುಂಬಿ ತುಳುಕಿತು. ಬಿರುದು ಹಣದ ವಿಷಯವೂ ಹೌದು ಎಂಬುದು ಇವತ್ತಿನ ದೂರಲ್ಲ, ಅಂದಿನಿಂದಲೂ ಇರುವ ಸಮಸ್ಯೆ. ಅದನ್ನು ತಿದ್ದಲು ಹೊರಟವರೂ ಅಂದಿನಿಂದಲೇ ಇದ್ದಾರೆ.

ದೊಡ್ಡ ತಿದ್ದುಪಡಿ ಬಂದದ್ದು ಕಾನೋ ಜಿಗೊರೋ ಅವರಿಂದ. 1860ರಲ್ಲಿ ಹುಟ್ಟಿದ ಕಾನೋ ವೃತ್ತಿಯಿಂದ ಶಿಕ್ಷಣತಜ್ಞರು, ಮುಂದೆ ಟೋಕಿಯೋದ ಉನ್ನತ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾದವರು. 1882ರಲ್ಲಿ ಎಇಶೋಜಿ ಎಂಬ ದೇವಾಲಯದ ಹನ್ನೆರಡು ಚಾಪೆಗಳ ಕೋಣೆಯಲ್ಲಿ ಕೋದೋಕಾನ್ ಎಂಬ ತಮ್ಮ ಜೂಡೋ ಶಾಲೆ ಶುರು ಮಾಡಿದಾಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಸ್ವತಃ ಹಳೆಯ ಕ್ರಮದಲ್ಲೇ ಕಲಿತು ಕಿತೋ ಪರಂಪರೆಯ ಮೆಂಕ್ಯೋ ಪಡೆದಿದ್ದ ಕಾನೋ, ಆ ಕ್ರಮದ ಒಂದು ದೋಷವನ್ನು ಮೇಷ್ಟ್ರ ಕಣ್ಣಿನಿಂದ ಕಂಡರು. ಒಂದು ಸುರುಳಿಗೂ ಮುಂದಿನದಕ್ಕೂ ನಡುವೆ ಅಷ್ಟೊಂದು ವರ್ಷ ಕಳೆದರೆ ವಿದ್ಯಾರ್ಥಿಯ ಉತ್ಸಾಹ ಉಳಿಯುವುದು ಹೇಗೆ? ಗೋ ಎಂಬ ಹಲಗೆಯಾಟದಲ್ಲಿ 17ನೇ ಶತಮಾನದಿಂದ ಬಳಕೆಯಲ್ಲಿದ್ದ 'ದಾನ್' ಎಂಬ ಮೆಟ್ಟಿಲಿನ ಲೆಕ್ಕವನ್ನು ಅವರು ಜೂಡೋಗೆ ತಂದರು. ಅದೇ ನಮ್ಮ ಬೋರ್ಡುಗಳ ಡಾನ್. 1883ರಲ್ಲಿ ಸೈಗೋ ಶಿರೋ, ತೋಮಿತಾ ತ್ಸುನೆಜಿರೋ ಎಂಬ ಇಬ್ಬರು ಹುಡುಗರಿಗೆ 'ಶೋದಾನ್' ಕೊಟ್ಟರು. ಮನೆಯಲ್ಲಿ ಗುರುವಿನ ಮುಂದೆ ಕೂತು ಕಲಿಯುತ್ತಿದ್ದ ನಮ್ಮ ಸಂಗೀತಕ್ಕೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಬಂದಾಗ ಆದಂಥದೇ ಬದಲಾವಣೆ ಇದು. ಗುರುವಿನ ಮಾತಿದ್ದ ಜಾಗಕ್ಕೆ ಸಂಸ್ಥೆಯ ಪ್ರಮಾಣಪತ್ರ ಬಂತು.

ಶೋದಾನ್ ಎಂಬಲ್ಲಿನ 'ಶೋ' ಅಕ್ಷರದ ಅರ್ಥ ಆರಂಭ. ನಾವು ಬ್ಲ್ಯಾಕ್ ಬೆಲ್ಟ್ ಎಂದಾಗ ಕಲಿಕೆ ಮುಗಿಯಿತು ಎಂದುಕೊಳ್ಳುತ್ತೇವೆ, ಜಪಾನಿನಲ್ಲಿ ಅದು ಕಲಿಕೆ ಈಗ ಶುರುವಾಯಿತು ಎಂಬ ಗುರುತು. ಅಲ್ಲಿ ಪ್ರೌಢಶಾಲೆಯ ಎಷ್ಟೋ ಮಕ್ಕಳು ಕತ್ತಿವರಸೆಯಾದ ಕೆಂಡೋದಲ್ಲಿ, ಜೂಡೋದಲ್ಲಿ ಶೋದಾನ್ ದಾಟಿರುತ್ತಾರೆ.

ಬೆಲ್ಟಿನ ಬಗ್ಗೆ ಒಂದು ಕಥೆ ಎಲ್ಲ ಕರಾಟೆ ತರಗತಿಗಳಲ್ಲೂ ಓಡಾಡುತ್ತದೆ. ಬಿಳಿ ಬೆಲ್ಟನ್ನು ಒಗೆಯದೆ ವರ್ಷಗಟ್ಟಲೆ ಬೆವರು ಸುರಿಸಿದರೆ ಅದು ತಾನಾಗಿ ಕಪ್ಪಾಗುತ್ತಿತ್ತಂತೆ. ಕೇಳಲು ಚೆನ್ನಾಗಿದ್ದರೂ ನಿಜವಲ್ಲ. ಕಪ್ಪು ಬೆಲ್ಟು 1880ರ ದಶಕದಲ್ಲಿ ಕೋದೋಕಾನಿನಲ್ಲಿ ದಾನ್ ಪಡೆದವರನ್ನು ಉಳಿದವರಿಂದ ಬೇರೆಯಾಗಿ ಗುರುತಿಸಲು ಬಂದದ್ದು. ಹಳದಿ, ಕಿತ್ತಳೆ, ಹಸಿರು, ನೀಲಿ ಎಂಬ ಕಾಮನಬಿಲ್ಲು ಹುಟ್ಟಿದ್ದು ಯುರೋಪಿನಲ್ಲಿ, ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ. ಫ್ರಾನ್ಸಿನಲ್ಲಿ ಅದನ್ನು ಹರಡಿದವರು ಜೂಡೋ ಗುರು ಕವಾಯ್ಶಿ ಮಿಕಿನೊಸುಕೆ. ಹತ್ತಿರದ ಗುರಿ ಕಣ್ಣೆದುರು ಇದ್ದರೆ ವಿದ್ಯಾರ್ಥಿಗಳು ಬಿಟ್ಟುಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕಾನೋ ಅವರ ಯೋಚನೆಯೇ ಇನ್ನೊಂದು ಹೆಜ್ಜೆ ಮುಂದೆ ಹೋದದ್ದು ಅದು, ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಎಂಟು ವರ್ಷದ ಹುಡುಗಿಗೆ ಹಳದಿ ಬೆಲ್ಟು ಕೊಡುವ ಸಂತೋಷ ನಿಜವಾದದ್ದು.

ಡಾನ್ ಎಂಬುದು ಮೆಟ್ಟಿಲಾದರೆ ರೆನ್ಶಿ, ಕ್ಯೋಶಿ, ಹಾನ್ಶಿ ಬೇರೆಯೇ ಏಣಿ. 1895ರಲ್ಲಿ ಕ್ಯೋತೋದಲ್ಲಿ ದಾಯ್ ನಿಪ್ಪೋನ್ ಬುತೊಕುಕಾಯ್ ಎಂಬ ಸಂಸ್ಥೆ ಹುಟ್ಟಿತು, ಎಲ್ಲ ಸಮರಕಲೆಗಳನ್ನೂ ಒಂದು ಸೂರಿನಡಿ ತರಲು. 1902ರಲ್ಲಿ ಅದು ಹಾನ್ಶಿ, ಕ್ಯೋಶಿ ಎಂಬ ಎರಡು ಬಿರುದುಗಳನ್ನು ಗೊತ್ತುಮಾಡಿತು. 1934ರಲ್ಲಿ ಅವುಗಳ ಕೆಳಗೆ ರೆನ್ಶಿ ಸೇರಿತು. ರೆನ್ಶಿ ಎಂದರೆ ಪುಟಕ್ಕಿಟ್ಟು ಹದಗೊಂಡವರು, ಕ್ಯೋಶಿ ಎಂದರೆ ಬೋಧಿಸುವವರು, ಹಾನ್ಶಿ ಎಂದರೆ ಮಾದರಿಯಾಗಿ ನಿಲ್ಲುವವರು. ಡಾನ್ ಕೈಯ ಕೌಶಲಕ್ಕೆ, ಈ ಬಿರುದುಗಳು ಕಲಿಸುವ ಶಕ್ತಿ, ತಿಳಿವಳಿಕೆ, ನಡತೆ ಇವೆಲ್ಲಕ್ಕೆ ಎಂಬುದು ಇಂದಿಗೂ ಅಲ್ಲಿನ ಭಾವನೆ.

ಕನ್ನಡ ಲಿಪಿಯಲ್ಲಿ ಬರೆದಾಗ ಮರೆಯಾಗುವ ಒಂದು ಸೂಕ್ಷ್ಮ ಇಲ್ಲಿದೆ. ಜಪಾನಿ ಭಾಷೆಯಲ್ಲಿ ಕ್ಯೋಶಿ ಎಂಬ ಒಂದೇ ಉಚ್ಚಾರದ ಎರಡು ಪದಗಳಿವೆ. ಒಂದರ ಕೊನೆಯ ಅಕ್ಷರ 'ಗುರು' ಎಂಬ ಅರ್ಥದ್ದು. ಅದು ಶಾಲೆಯ ಶಿಕ್ಷಕ ವೃತ್ತಿಯ ಹೆಸರು, ಯಾರು ಬೇಕಾದರೂ ತಮ್ಮ ಬಗ್ಗೆ ಹೇಳಿಕೊಳ್ಳಬಹುದು. ಇನ್ನೊಂದರ ಕೊನೆಯ ಅಕ್ಷರ ಸಮುರಾಯ್ ದರ್ಜೆಯ ಸಜ್ಜನ ಎಂಬ ಅರ್ಥದ್ದು, ಬಿರುದಿನದು. ಶಿಹಾನ್ ಮತ್ತು ಹಾನ್ಶಿ ಕೂಡ ಒಂದೇ ಪದವನ್ನು ತಿರುಗಿಸಿದಂತೆ ಕೇಳುತ್ತವೆ. 'ಹಾನ್' ಅಂದರೆ ಮಾದರಿ, ಅದು ಎರಡರಲ್ಲೂ ಇದೆ. 'ಶಿ' ಮಾತ್ರ ಬೇರೆ ಬೇರೆ. ಶಿಹಾನ್ ಎಂಬುದು ಗುರುಸ್ಥಾನದ ಹೆಸರು, ಅದರ ಅಳತೆ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಐಕಿದೋದ ಕೇಂದ್ರ ಸಂಸ್ಥೆಯಾದ ಐಕಿಕಾಯ್‌ನ ಅಂತರರಾಷ್ಟ್ರೀಯ ನಿಯಮದಲ್ಲಿ ಎರಡನೇ ಡಾನ್‌ನಿಂದ ಫುಕುಶಿದೋಯಿನ್, ನಾಲ್ಕರಿಂದ ಶಿದೋಯಿನ್, ಆರರಿಂದ ಶಿಹಾನ್. ಬೇರೆ ಕಡೆ ಐದನೇ ಡಾನ್‌ಗೇ ಶಿಹಾನ್ ಎನ್ನುವವರಿದ್ದಾರೆ. ಎರಡು ಬೋರ್ಡುಗಳ ಮೇಲೆ ಒಂದೇ ಪದ ಕಂಡರೆ ಇಬ್ಬರೂ ಸಮಾನರು ಎಂದುಕೊಳ್ಳುವಂತಿಲ್ಲ.

ಇನ್ನು ಕರಾಟೆ. ನಮಗೆ ಅತಿ ಹತ್ತಿರದ್ದೂ ಅತಿ ಗೊಂದಲದ್ದೂ ಇದೇ. ಕರಾಟೆ ಓಕಿನಾವಾ ದ್ವೀಪದ್ದು, ಅಲ್ಲಿ ಮೊದಲು ಡಾನ್ ಇರಲಿಲ್ಲ, ಬೆಲ್ಟೂ ಇರಲಿಲ್ಲ. ಅಲ್ಲಿನ ಗುರು ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೋಗೆ ಬಂದು, ಕಾನೋ ಅವರ ಆಹ್ವಾನದ ಮೇಲೆ ಕೋದೋಕಾನಿನಲ್ಲಿ ಪ್ರದರ್ಶನ ಕೊಟ್ಟರು. ಎರಡು ವರ್ಷದ ಬಳಿಕ, 1924ರಲ್ಲಿ, ತಮ್ಮ ಶಿಷ್ಯರಿಗೆ ಮೊದಲ ಡಾನ್‌ಗಳನ್ನು ಕೊಟ್ಟರು. ಉಡುಪು, ಬೆಲ್ಟು, ಶ್ರೇಣಿ ಎಲ್ಲವೂ ಜೂಡೋದಿಂದ ಬಂದ ಕಡ. ಕೊಟ್ಟ ಫುನಾಕೋಶಿಯವರಿಗೆ ಯಾವ ಡಾನ್ ಇತ್ತು? ಇರಲಿಲ್ಲ. ಗೋಜು ರ್‍ಯೂ ಕಟ್ಟಿದ ಮಿಯಾಗಿ ಚೋಜುನ್ ಅವರಿಗೆ 1937ರಲ್ಲಿ ಬುತೊಕುಕಾಯ್ ಕ್ಯೋಶಿ ಬಿರುದು ಕೊಟ್ಟಿತು. ಅವರೂ ಡಾನ್‌ಗಳ ಏಣಿ ಹತ್ತಿ ಬಂದವರಲ್ಲ. ಹೊಸ ಪದ್ಧತಿ ಶುರುವಾಗುವಾಗ ಮೊದಲ ಪ್ರಮಾಣಪತ್ರಕ್ಕೆ ಸಹಿ ಹಾಕುವವರ ಕೈಯಲ್ಲಿ ಪ್ರಮಾಣಪತ್ರವಿರುವುದಿಲ್ಲ. ಅವರ ವಿದ್ಯೆಯನ್ನು ಸುತ್ತಲಿನವರು ಕಂಡು ಒಪ್ಪಿರುತ್ತಾರೆ, ಅಷ್ಟೇ ಅವರ ಆಧಾರ.

ಎರಡನೇ ಮಹಾಯುದ್ಧದ ಸೋಲಿನ ನಂತರ 1946ರಲ್ಲಿ ಬುತೊಕುಕಾಯ್ ವಿಸರ್ಜನೆಯಾಯಿತು. ಕೆಂಡೋ, ಬಿಲ್ಲುವಿದ್ಯೆಯಾದ ಕ್ಯೂದೋ ಮುಂತಾದವಕ್ಕೆ ಕೆಲವೇ ವರ್ಷಗಳಲ್ಲಿ ಒಂದೊಂದು ರಾಷ್ಟ್ರೀಯ ಒಕ್ಕೂಟ ಹುಟ್ಟಿ ಬಿರುದುಗಳನ್ನು ಮುಂದುವರಿಸಿದವು. ಕರಾಟೆಯಲ್ಲಿ ಮಾತ್ರ ಒಬ್ಬೊಬ್ಬ ಗುರುವಿನ ಶಿಷ್ಯರು ಒಂದೊಂದು ಸಂಸ್ಥೆ ಕಟ್ಟಿಕೊಂಡರು, ಪ್ರತಿಯೊಂದೂ ತನ್ನ ಡಾನ್ ತಾನೇ ಕೊಟ್ಟಿತು. ಜಪಾನ್ ಕರಾಟೆ ಒಕ್ಕೂಟ 1964ರಲ್ಲಿ ಬಂದರೂ ಸಂಸ್ಥೆಗಳ ಅಧಿಕಾರ ಹೋಗಲಿಲ್ಲ. ಶಂಕರ್ ನಾಗ್ ಅವರನ್ನು ಅಭಿಮಾನಿಗಳು ಕರಾಟೆ ಕಿಂಗ್ ಎಂದು ಕರೆದ ಕಾಲದಲ್ಲಿ ಈ ವಿದ್ಯೆ ನಮ್ಮ ಹುಡುಗರ ಕನಸಿಗೆ ಇಳಿಯಿತು. ಒಂದೇ ಮರದ ಹಲವು ಕೊಂಬೆಗಳು ಹೀಗೆ ನಮ್ಮಲ್ಲೂ ಚಾಚಿಕೊಂಡವು. ಎರಡು ಸಂಸ್ಥೆಗಳ 7ನೇ ಡಾನ್‌ಗಳನ್ನು ಅಳೆದು ನೋಡುವ ಒಂದೇ ತಕ್ಕಡಿ ಎಲ್ಲೂ ಇಲ್ಲ. ನಮ್ಮ ಮಾಸ್ಟರುಗಳನ್ನು ಈ ಕಾರಣಕ್ಕೆ ಅನುಮಾನದಿಂದ ನೋಡುವುದು ಅನ್ಯಾಯ. ಬೆಳಗಿನ ಐದೂವರೆಗೆ ಮೈದಾನಕ್ಕೆ ಬಂದು, ಅಲ್ಪ ಶುಲ್ಕಕ್ಕೆ ಇಪ್ಪತ್ತು ವರ್ಷ ಕಲಿಸಿದವರನ್ನು ನಾನು ಬಲ್ಲೆ. ಅವರ ಬಿರುದಿನ ಮೂಲ ಕೇಳುವುದು ಅವಮಾನವಲ್ಲ. ಕೇಳಿದರೆ ಒಳ್ಳೆಯ ಗುರುಗಳು ತಮ್ಮ ಗುರುವಿನ ಹೆಸರಿನಿಂದಲೇ ಮಾತು ಆರಂಭಿಸುತ್ತಾರೆ.

ಯಾರಿಂದ ಯಾರು ಕಲಿತರೆಂದು ದಾಖಲಿಸುವುದು ಎಷ್ಟು ಗಂಭೀರ ವಿಷಯವಾಗಿತ್ತೆಂದು ನೋಡಬೇಕಾದರೆ ದಾಯ್ತೋ ರ್‍ಯೂ ಎಂಬ ಜುಜುತ್ಸು ಪರಂಪರೆಯ ಗುರು ತಕೇದಾ ಸೋಕಾಕು ಅವರ ಪುಸ್ತಕಗಳನ್ನು ನೆನೆಯಬೇಕು. ಊರೂರು ತಿರುಗಿ ಕಲಿಸುತ್ತಿದ್ದ ಸೋಕಾಕು, ಕಲಿತವರ ಹೆಸರನ್ನು ಒಂದು ಪುಸ್ತಕದಲ್ಲಿ ಅವರ ಮೊಹರಿನೊಡನೆ ಬರೆಸಿಕೊಳ್ಳುತ್ತಿದ್ದರು. ಅವರು ಕೊಟ್ಟ ಹಣದ ಲೆಕ್ಕ ಇನ್ನೊಂದರಲ್ಲಿ. ಐಕಿದೋ ಸ್ಥಾಪಕ ಉಯೆಶಿಬಾ ಮೊರಿಹೆ ಈ ಸೋಕಾಕು ಅವರ ಶಿಷ್ಯರು. 1922ರಲ್ಲಿ ಗುರುವಿನಿಂದ ಅವರಿಗೆ ಸಿಕ್ಕ ಅಧಿಕಾರ 'ಕ್ಯೋಜು ದಾಯ್ರಿ', ಅಂದರೆ ಗುರುವಿನ ಬದಲಿಗೆ ನಿಂತು ಕಲಿಸುವ ಪ್ರತಿನಿಧಿ. ಲೋಕವೆಲ್ಲ ಮಹಾಗುರು ಎಂದು ಕೈಮುಗಿಯುವವರಿಗೆ ಸಿಕ್ಕ ಅಧಿಕಾರಪತ್ರ 'ಬದಲಿ ಮೇಷ್ಟ್ರು' ಎಂದು ಹೇಳುತ್ತದೆ. ಇದನ್ನು ಓದಿದಾಗ ನನಗೆ ಉಯೆಶಿಬಾ ಮೇಲಿನ ಗೌರವ ಹೆಚ್ಚಿತು. ಐಕಿದೋದ ಮುಖ್ಯಸ್ಥರ ಇಂದಿನ ಬಿರುದು 'ದೋಶು', ಅದು ತಂದೆಯಿಂದ ಮಗನಿಗೆ ಬಂದದ್ದು. ಮೊರಿಹೆ, ಕಿಶ್ಶೋಮಾರು, ಈಗ ಮೊರಿತೆರು. ಹಾಗೆಯೇ 'ಸೋಕೆ' ಎಂಬುದು ಒಂದು ಪರಂಪರೆಯ ಮೂಲ ಮನೆತನದ ಯಜಮಾನಿಕೆ. ಚಹಾ ವಿಧಿ, ಹೂ ಜೋಡಣೆಗಳಲ್ಲೂ ಇಂಥ ಯಜಮಾನಿಕೆಯಿದೆ. ಅದಕ್ಕೂ ಬಾಹುಬಲಕ್ಕೂ ಸಂಬಂಧವಿಲ್ಲ. ಜಪಾನಿನ ಹೊರಗೆ ಅದನ್ನು ಗ್ರ್ಯಾಂಡ್ ಮಾಸ್ಟರ್ ಎಂಬ ಅರ್ಥದಲ್ಲಿ ತಾವೇ ಧರಿಸಿಕೊಂಡವರು ಪದದ ಅರ್ಥವನ್ನು ಕೆಡಿಸಿದ್ದಾರೆ ಎಂದು ಖಂಡಿತವಾಗಿ ಹೇಳುತ್ತೇನೆ.

ಶ್ರೇಣಿಯನ್ನು ಅತ್ಯಂತ ಬಿಗಿಯಾಗಿ ಕಾಯ್ದುಕೊಂಡದ್ದು ಕೆಂಡೋ. 1952ರಲ್ಲಿ ಸ್ಥಾಪನೆಯಾದ ಅಖಿಲ ಜಪಾನ್ ಕೆಂಡೋ ಒಕ್ಕೂಟ ಮೊದಲು ಹತ್ತು ಡಾನ್‌ಗಳನ್ನಿಟ್ಟುಕೊಂಡಿತ್ತು. 2000ದಲ್ಲಿ ಒಂಬತ್ತು, ಹತ್ತನ್ನು ತೆಗೆದುಹಾಕಿತು. ಈಗ ಎಂಟೇ ಕೊನೆ. ಹದಿಮೂರು ವರ್ಷ ತುಂಬಿದ ಮೇಲೆ ಮೊದಲ ಡಾನ್. ಅಲ್ಲಿಂದ ಎರಡನೆಯದಕ್ಕೆ ಒಂದು ವರ್ಷ, ಮೂರನೆಯದಕ್ಕೆ ಎರಡು, ಹೀಗೆ ಏರುತ್ತ ಏಳನೆಯದಕ್ಕೆ ಆರು, ಕೊನೆಗೆ ಎಂಟಕ್ಕೆ ಹತ್ತು ವರ್ಷ ಕಾಯಬೇಕು. ಕೂಡಿದರೆ 31 ವರ್ಷ. ಅಷ್ಟಾದರೂ 46 ವರ್ಷ ತುಂಬದವರು ಎಂಟನೇ ಡಾನ್ ಪರೀಕ್ಷೆಗೆ ಕೂರುವಂತಿಲ್ಲ. ಅಲ್ಲಿ ತೇರ್ಗಡೆಯಾಗುವವರು ನೂರಕ್ಕೆ ಒಬ್ಬರ ಆಸುಪಾಸು. ಎಪ್ಪತ್ತು ದಾಟಿದವರೂ ಮತ್ತೆ ಮತ್ತೆ ಬಂದು ಆ ಎರಡು ನಿಮಿಷದ ಪಂದ್ಯಗಳಿಗೆ ನಿಲ್ಲುತ್ತಾರೆ. ರೆನ್ಶಿಗೆ ಆರನೇ ಡಾನ್, ಕ್ಯೋಶಿಗೆ ಏಳು, ಹಾನ್ಶಿಗೆ ಎಂಟು ಬೇಕೇ ಬೇಕು. ಇಷ್ಟೆಲ್ಲ ಆಗಿಯೂ ಕೆಂಡೋದಲ್ಲಿ ಬಣ್ಣದ ಬೆಲ್ಟಿಲ್ಲ. ಎಂಟನೇ ಡಾನ್ ಹಿರಿಯರೂ ನಿನ್ನೆ ಶೋದಾನ್ ಪಡೆದ ಹುಡುಗನೂ ಅದೇ ಕಡುನೀಲಿ ಉಡುಪಿನಲ್ಲಿ ನಿಂತಿರುತ್ತಾರೆ, ಯಾರು ಯಾರೆಂದು ಕತ್ತಿ ಎತ್ತಿದಾಗಲೇ ಗೊತ್ತಾಗಬೇಕು. ಬಿರುದಿನ ವಿಷಯದಲ್ಲಿ ನನಗೆ ಅತಿ ಹಿಡಿಸಿದ ಏರ್ಪಾಡು ಇದು.

ಬಿಗಿ ಇದ್ದಲ್ಲೆಲ್ಲ ನ್ಯಾಯವೂ ಇರುತ್ತದೆ ಎನ್ನಲಾಗದು. ಜೂಡೋದಲ್ಲಿ ಕೋದೋಕಾನ್ ಹತ್ತನೇ ಡಾನ್ ಕೊಟ್ಟದ್ದು 1935ರಲ್ಲಿ, ಮೊದಲ ಬಾರಿಗೆ, ಯಾಮಾಶಿತಾ ಯೋಶಿತ್ಸುಗು ಅವರಿಗೆ. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರಿಗೆ ಜೂಡೋ ಕಲಿಸಿದವರು ಅವರೇ. 2006ರವರೆಗೆ ಹದಿನೈದು ಮಂದಿಗೆ ಆ ಶ್ರೇಣಿ ಸಿಕ್ಕಿತು, ಎಲ್ಲರೂ ಜಪಾನೀಯರು, ಎಲ್ಲರೂ ಗಂಡಸರು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮುಕ್ತ ವಿಭಾಗದ ಚಿನ್ನ ಗೆದ್ದ ಡಚ್ ಪಟು ಆಂಟನ್ ಗೇಸಿಂಕ್ ಅವರಿಗೆ 1997ರಲ್ಲಿ ಹತ್ತನೇ ಡಾನ್ ಕೊಟ್ಟದ್ದು ಅಂತರರಾಷ್ಟ್ರೀಯ ಜೂಡೋ ಒಕ್ಕೂಟ, ಕೋದೋಕಾನ್ ಅಲ್ಲ.

ಫುಕುದಾ ಕೇಕೋ ಅವರದು ಇನ್ನೂ ದೊಡ್ಡ ಕಥೆ. ಕಾನೋ ಅವರಿಗೆ ಜುಜುತ್ಸು ಕಲಿಸಿದ ಫುಕುದಾ ಹಚಿನೊಸುಕೆ ಅವರ ಮೊಮ್ಮಗಳು ಇವರು, ಹುಟ್ಟಿದ್ದು 1913ರಲ್ಲಿ. ತಮ್ಮ ಗುರುವಿನ ಋಣ ನೆನೆದು ಕಾನೋ ಅವರೇ ಈಕೆಯನ್ನು ಕೋದೋಕಾನಿನ ಮಹಿಳಾ ವಿಭಾಗಕ್ಕೆ ಕರೆದರು. ಐದನೇ ಡಾನ್ ತಲುಪುವುದು 1950ರ ದಶಕದಲ್ಲೇ ಆಯಿತು. ಆದರೆ ಹೆಂಗಸರಿಗೆ ಅಲ್ಲಿಗೇ ದಾರಿ ಮುಗಿದಿತ್ತು. ಐದಕ್ಕಿಂತ ಮೇಲೆ ಏರಲು ಅವರಿಗೆ ಅವಕಾಶವಿರಲಿಲ್ಲ. ನೂರು ವರ್ಷ ಮೊದಲು ಚಿಬಾ ಮನೆಯ ಹೆಣ್ಣುಮಕ್ಕಳ ಹೆಸರು ರ್‍ಯೋಮಾನ ಸುರುಳಿಯಲ್ಲಿ ಕೊಡುವವರ ಸಾಲಿನಲ್ಲಿತ್ತು. ಆಧುನಿಕ ಸಂಸ್ಥೆ ಪಡೆಯುವವರ ಸಾಲಿನಲ್ಲೇ ಹೆಂಗಸರಿಗೆ ಗೆರೆ ಎಳೆಯಿತು. ಮಹಿಳೆಯರ ಕಪ್ಪು ಬೆಲ್ಟಿನ ನಡುವೆ ಬಹುಕಾಲ ಓಡಿದ ಬಿಳಿ ಪಟ್ಟೆಯೂ ಅದೇ ಮನೋಭಾವದ್ದು. 1972ರಲ್ಲಿ ಆ ಗೆರೆ ಅಳಿಸಿ, ಕೋದೋಕಾನಿನ ಆರನೇ ಡಾನ್ ಪಡೆದ ಮೊದಲ ಮಹಿಳೆಯರಲ್ಲಿ ಫುಕುದಾ ಒಬ್ಬರಾದರು. ಕೋದೋಕಾನ್ ಒಂಬತ್ತನೇ ಡಾನ್ ಕೊಟ್ಟಾಗ 2006, ಅವರಿಗೆ ತೊಂಬತ್ತು ದಾಟಿತ್ತು. ಹತ್ತನೆಯದು ಬಂದದ್ದು 2011ರಲ್ಲಿ, ಅಮೆರಿಕದ ಜೂಡೋ ಸಂಸ್ಥೆಯಿಂದ. ಕೋದೋಕಾನ್ ಅದನ್ನು ಕೊಡಲೇ ಇಲ್ಲ. 2013ರಲ್ಲಿ, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. ಆ ಊರಿನ ಮಹಿಳಾ ಜೂಡೋ ಕ್ಲಬ್ಬಿನಲ್ಲಿ ತೀರ ಇಳಿವಯಸ್ಸಿನವರೆಗೂ ಅವರು ಚಾಪೆಯ ಪಕ್ಕ ಕೂತು ಕಲಿಸಿದರು. ಅಲ್ಲಿ ಎಲ್ಲರಿಗೂ ಅವರು ಫುಕುದಾ ಸೆನ್ಸೈ.